ಸಂಪಾದಕರ ಉತ್ತರ: “ಬೇಡ ಬೇಡ, ನೀವು ಕೂತ್ಕೊಳ್ಳಿ”

ಓದುಗರ ಪತ್ರ (ಚುಟುಕಾಗಿಸಿದೆ, ಕೋರಿಕೆಯಂತೆ ಹೆಸರು ಬಿಟ್ಟಿದೆ):

“ನಮ್ಮದು ಸುಮಾರು ನೂರಿಪ್ಪತ್ತು ಜನರ ಕ್ರೈಸ್ತ ಸಭೆ. ನಾನು ಹಿರಿಯರಲ್ಲೊಬ್ಬ. ಹೊಸಬರು ಬರುವುದಿಲ್ಲ ಎಂಬ ಕೊರಗು ನಮಗಿಲ್ಲ, ಬರುತ್ತಾರೆ. ಆದರೆ ಮೂರು ನಾಲ್ಕು ಭಾನುವಾರವಾದ ಮೇಲೆ ಕಾಣುವುದಿಲ್ಲ. ಬಾಗಿಲಲ್ಲಿ ಕೈಕುಲುಕುತ್ತೇವೆ, ಆರಾಧನೆಯ ನಡುವೆ ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿ ಸ್ವಾಗತಿಸುತ್ತೇವೆ, ಫೋನ್ ನಂಬರ್ ಬರೆಸಿಕೊಳ್ಳುತ್ತೇವೆ. ಈಚೆಗೆ ಒಂದು ಯುವ ದಂಪತಿ ಬರತೊಡಗಿದ್ದರು. ಒಳ್ಳೆಯವರು. ಎರಡನೇ ವಾರವೇ ಗಂಡ, ‘ಹಾಡಿನ ಪುಸ್ತಕಗಳ ಹೊಲಿಗೆ ಬಿಟ್ಟಿದೆ, ನನಗೆ ಬೈಂಡಿಂಗ್ ಬರುತ್ತೆ, ಸರಿ ಮಾಡ್ಕೊಡ್ಲಾ?’ ಅಂದರು. ಅತಿಥಿಗಳಿಗೆ ತೊಂದರೆ ಯಾಕೆ ಎಂದು ‘ಬೇಡ ಬೇಡ, ನೀವು ಕೂತ್ಕೊಳ್ಳಿ’ ಎಂದೆ. ಈಗ ಎರಡು ಭಾನುವಾರದಿಂದ ಅವರೂ ಇಲ್ಲ. ನಾವು ಎಲ್ಲಿ ತಪ್ಪುತ್ತಿದ್ದೇವೆ? ಅವರಿಗೆ ಫೋನ್ ಮಾಡಬಹುದೇ, ಅಥವಾ ಅದು ಬೆನ್ನು ಹತ್ತಿದಂತಾಗುತ್ತದೆಯೇ?”

ಪ್ರಿಯ ಹಿರಿಯರೇ,

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀವದನ್ನು ಸಭ್ಯತೆ ಎಂದುಕೊಂಡು ಬರೆದಿದ್ದೀರಿ. “ಬೇಡ ಬೇಡ, ನೀವು ಕೂತ್ಕೊಳ್ಳಿ” ಎಂಬುದು ಅತಿಥಿಗೆ ಹೇಳುವ ಮಾತು. ಮನೆಯವರಿಗೆ ಯಾರೂ ಹಾಗೆ ಹೇಳುವುದಿಲ್ಲ. ಆ ಮನುಷ್ಯ ಅಂದು ಸೂಜಿ ದಾರದ ನೆಪದಲ್ಲಿ ಕೇಳಿದ್ದು, ‘ನಾನೂ ಇಲ್ಲಿಯವನಾಗಲಾ?’ ಎಂದು. ನೀವು ಅಕ್ಕರೆಯಿಂದಲೇ ‘ಇನ್ನೂ ಇಲ್ಲ’ ಎಂದಿರಿ.

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ, ಇದನ್ನೇ ನಾನೂ ಹತ್ತಾರು ಸಲ ಹೇಳಿದ್ದೇನೆ. ಅದರ ಇನ್ನೊಂದು ಬದಿಯನ್ನೂ ಕಂಡಿದ್ದೇನೆ. ಬಹಳ ವರ್ಷಗಳ ಹಿಂದೆ ಕೆಲಸದ ಮೇಲೆ ಊರು ಬದಲಾಯಿಸಿ, ಹೊಸ ಸಭೆಯೊಂದಕ್ಕೆ ಹೋಗತೊಡಗಿದ್ದೆ. ಬಾಗಿಲಲ್ಲಿ ಒಬ್ಬರು ಕೈಕುಲುಕುತ್ತಿದ್ದರು. ಕೈ ನನ್ನ ಕೈಯಲ್ಲಿ, ಕಣ್ಣು ಆಗಲೇ ನನ್ನ ಹಿಂದಿನವರ ಮೇಲೆ. ಆರಾಧನೆ ಮುಗಿದರೆ ಎಲ್ಲರೂ ಮೂರು ನಾಲ್ಕು ಜನರ ಗುಂಪುಗಳಾಗಿ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದರು. ನಾನು ಸೂಚನಾ ಫಲಕದ ಮುಂದೆ ನಿಂತು, ಸಂಡೇ ಸ್ಕೂಲ್ ಪರೀಕ್ಷೆಯ ವೇಳಾಪಟ್ಟಿಯನ್ನು ಓದುತ್ತಿದ್ದೆ. ನನಗೆ ಆಗ ಮಕ್ಕಳೂ ಇರಲಿಲ್ಲ. ಅದೇ ವೇಳಾಪಟ್ಟಿಯನ್ನು ಐದನೇ ಭಾನುವಾರವೂ ಓದಿದೆ. ಆರನೇ ಭಾನುವಾರ ಹೋಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ.

ಆ ಸಭೆಯವರು ಕೆಟ್ಟವರಲ್ಲ. ನನ್ನನ್ನು ಸ್ವಾಗತಿಸಿದ್ದೇವೆ ಎಂದೇ ಅವರು ಇಂದಿಗೂ ನಂಬಿರುತ್ತಾರೆ. ಸ್ವಾಗತಿಸಿದ್ದೂ ನಿಜ. ಆದರೆ ಸ್ವಾಗತ ಐದು ನಿಮಿಷದ್ದು, ಒಡನಾಟ ಬೆಳೆಯಲು ಗಂಟೆಗಟ್ಟಲೆ ಹೊತ್ತು ಬೇಕು. ಎಷ್ಟು ಗಂಟೆ ಎಂದು ಲೆಕ್ಕ ಹಾಕಿದವರೂ ಇದ್ದಾರೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಹೊಸ ಊರಿಗೆ ಬಂದವರನ್ನೂ ಹೊಸ ವಿದ್ಯಾರ್ಥಿಗಳನ್ನೂ ಕೇಳಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಗೆಳೆಯ ಎನ್ನಲು ಸುಮಾರು 90, ಆಪ್ತ ಎನ್ನಲು 200ಕ್ಕೂ ಹೆಚ್ಚು. ಈಗ ನಿಮ್ಮ ಸಭೆಗೆ ಬನ್ನಿ. ಆರಾಧನೆ ಮುಗಿದ ಮೇಲೆ ಹೊಸಬರ ಜೊತೆ ಹತ್ತು ನಿಮಿಷ ಮಾತಾಡುತ್ತೀರಿ ಎಂದುಕೊಳ್ಳೋಣ (ಉದಾರವಾಗಿಯೇ ಹೇಳುತ್ತಿದ್ದೇನೆ). ವರ್ಷಕ್ಕೆ ಒಂಬತ್ತು ಗಂಟೆಯೂ ಆಗುವುದಿಲ್ಲ. 50 ಗಂಟೆ ತುಂಬಲು ಆರು ವರ್ಷದ ಹತ್ತಿರ ಬೇಕು! ನಿಮ್ಮ ಯುವ ದಂಪತಿ ನಾಲ್ಕು ವಾರ ಕಾದರು. ಅದೇ ವಾರಕ್ಕೆ ಎರಡು ಗಂಟೆಯ ಗೃಹಕೂಟಕ್ಕೋ, ಕ್ವಾಯರ್ (ಹಾಡುವ ತಂಡ) ಅಭ್ಯಾಸಕ್ಕೋ ಕರೆದರೆ ಆರು ತಿಂಗಳು ಸಾಕು. ಬಾಗಿಲಲ್ಲಿ ಇನ್ನಷ್ಟು ನಗುಮುಖ ನಿಲ್ಲಿಸಿದರೆ ಈ ಲೆಕ್ಕ ಬದಲಾಗುವುದಿಲ್ಲ.

ಅದೇ ಅಧ್ಯಯನದಲ್ಲಿ ನಮಗೆ ಪಾಠವಾಗುವ ಇನ್ನೊಂದು ಸಂಗತಿಯಿದೆ. ಕೆಲಸದ ಜಾಗದಲ್ಲಿ ಅನಿವಾರ್ಯಕ್ಕೆ ಜೊತೆಯಲ್ಲಿ ಕಳೆದ ಹೊತ್ತು ಗೆಳೆತನಕ್ಕೆ ಅಷ್ಟಾಗಿ ಒದಗುವುದಿಲ್ಲ, ಹರಟೆ ತಮಾಷೆಗಳ ಹೊತ್ತು ಒದಗುತ್ತದೆ. ಹಾಗಾಗಿ ಹೊಸಬರಿಗೆ ಕೆಲಸ ಕೊಡಿ ಎಂದರೆ, ಅವರ ಹೆಸರನ್ನು ಡ್ಯೂಟಿ ಪಟ್ಟಿಗೆ ಏರಿಸಿ ಪ್ರೊಜೆಕ್ಟರ್ ಹಿಂದೆ ಒಬ್ಬರನ್ನೇ ಕೂರಿಸಿ ಎಂದಲ್ಲ. ಇಬ್ಬರು ಕೈ ಹಾಕಬೇಕಾದ, ಬಾಯಿಗೆ ಬಿಡುವಿರುವ ಕೆಲಸ ಕೊಡಿ. ಸೂಚನಾ ಫಲಕದ ಸಭೆ ಬಿಟ್ಟ ಮೇಲೆ ನಾನು ಸೇರಿದ ಇನ್ನೊಂದು ಸಭೆಯಲ್ಲಿ, ಮೊದಲನೇ ದಿನವೇ ಒಬ್ಬ ವಯಸ್ಸಾದವರು ಉದ್ದನೆಯ ಬೆಂಚೊಂದನ್ನು ಎಳೆಯುತ್ತ, ನನ್ನ ಹೆಸರು ಕೂಡ ಕೇಳದೆ, “ಆ ಕಡೆ ತುದಿ ಹಿಡೀರಿ” ಎಂದರು. ಹಿಡಿದೆ. ಹದಿನಾಲ್ಕು ಬೆಂಚು ಸರಿಸುವಷ್ಟರಲ್ಲಿ ಅವರ ಮಂಡಿನೋವು, ಹಾರ್ಮೋನಿಯಮ್ಮಿನ ಕೆಟ್ಟುಹೋದ ಕೀ, ಹಿಂದಿನ ಪಾಸ್ಟರ ಉದ್ದುದ್ದ ಪ್ರಾರ್ಥನೆ, ಎಲ್ಲವೂ ನನಗೆ ತಿಳಿದಿತ್ತು. ಹೆಸರು ಕೇಳಿದ್ದು ಹನ್ನೊಂದನೇ ಬೆಂಚಿನ ಹೊತ್ತಿಗೆ.

ಇದು ಹೊಸ ಉಪಾಯವೇನೂ ಅಲ್ಲ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ತೆಗೆಯಿರಿ. ದಿನದ ಆಹಾರ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗುತ್ತಾರೆ. ಸಭೆ ಏಳು ಜನರನ್ನು ಆರಿಸಿ ಹಂಚಿಕೆಯ ಹೊಣೆ ಒಪ್ಪಿಸುತ್ತದೆ. ಆ ಏಳು ಹೆಸರುಗಳನ್ನು ಗಟ್ಟಿಯಾಗಿ ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ… ಏಳೂ ಗ್ರೀಕ್ ಹೆಸರುಗಳು. ಕಡೆಯವನು ನಿಕೊಲಾಯ, ಅಂತಿಯೋಕ್ಯದವನು, ಹುಟ್ಟಿನಿಂದ ಯೆಹೂದ್ಯನೂ ಅಲ್ಲ. ದೂರಿದವರನ್ನು ಸಮಾಧಾನ ಮಾಡಿ ಕೂರಿಸಲಿಲ್ಲ, ಅವರ ಕಡೆಯವರ ಕೈಗೇ ವ್ಯವಸ್ಥೆ ಕೊಟ್ಟರು. ಆದಿಸಭೆಯ ದಿದಾಖೆ ಎಂಬ ಪುಟ್ಟ ಕೈಪಿಡಿಯಲ್ಲೂ ಇದೇ ಧಾಟಿ. ದಾರಿಹೋಕ ವಿಶ್ವಾಸಿಗೆ ಎರಡು ದಿನ, ಬೇಕಾದರೆ ಮೂರು ದಿನ ಆತಿಥ್ಯ. ನಿಮ್ಮಲ್ಲೇ ನೆಲೆಸುವುದಾದರೆ ತನ್ನ ಕಸುಬು ಮಾಡಲಿ, ಕಸುಬಿಲ್ಲದಿದ್ದರೆ ನೀವೇ ಯೋಚಿಸಿ ದಾರಿ ಮಾಡಿ.

ಇನ್ನು, ಯಾರು ಇದನ್ನು ಮಾಡಬೇಕು? ‘ಸಭೆ ಮಾಡಬೇಕು’ ಎಂದರೆ ಯಾರೂ ಮಾಡುವುದಿಲ್ಲ. ಹಿಂದೆ ಸಭೆಯನ್ನು ಹಿಂಸಿಸಿದ್ದ, ಮುಂದೆ ಪೌಲನೆನಿಸಿದ ಸೌಲ ಯೆರೂಸಲೇಮಿಗೆ ಬಂದಾಗ ಅವನನ್ನು ಕಂಡರೆ ಶಿಷ್ಯರಿಗೆಲ್ಲ ಹೆದರಿಕೆ. ಬಾರ್ನಬ ಒಬ್ಬನೇ ಅವನ ಜೊತೆಗೆ ನಿಂತು ಅಪೊಸ್ತಲರ ಹತ್ತಿರ ಕರೆದೊಯ್ದ. ಕಥೆ ಅಲ್ಲಿಗೆ ಮುಗಿದಿದ್ದರೆ ಅದೂ ಒಂದು ಸ್ವಾಗತವಾಗಿ ಉಳಿಯುತ್ತಿತ್ತು. ಮುಂದೆ ಅಂತಿಯೋಕ್ಯದಲ್ಲಿ ಕೆಲಸ ಹೆಚ್ಚಾದಾಗ ಇದೇ ಬಾರ್ನಬ ತಾರ್ಸದವರೆಗೆ ಹೋಗಿ, ಹುಡುಕಿ, ಅವನನ್ನು ಕರೆತಂದ. ಒಂದು ವರ್ಷ ಪೂರ್ತಿ ಇಬ್ಬರೂ ಜೊತೆಯಾಗಿ ಬೋಧಿಸಿದರು.

ನಿಮ್ಮಲ್ಲಿ ಬಾರ್ನಬ ಯಾರಾಗಬೇಕು ಎಂದರೆ, ನನ್ನ ಅನುಭವದಲ್ಲಿ ಹಿರಿಯರಾದ ನೀವಲ್ಲ. ಮೂವತ್ತು ವರ್ಷದಿಂದ ಇರುವವರ ಗೆಳೆಯರ ಬಳಗ ತುಂಬಿಹೋಗಿರುತ್ತದೆ. ಅವರಿಗೆ ಮನಸ್ಸಿದ್ದರೂ ಜಾಗವಿರುವುದಿಲ್ಲ. ಹೋದ ವರ್ಷ ಬಂದು ನಿಂತವರನ್ನು ಹುಡುಕಿ. ಅವರಿಗೆ ಸ್ನೇಹಿತರು ಇನ್ನೂ ಬೇಕಾಗಿದ್ದಾರೆ, ಮೇಲಾಗಿ ಸೂಚನಾ ಫಲಕದ ಮುಂದೆ ನಿಂತ ನೆನಪೂ ಹಸಿಯಾಗಿರುತ್ತದೆ. ಹಾಗೆಯೇ, ಇಪ್ಪತ್ತು ವರ್ಷದ ಹಳೆಯ ಪ್ರಾರ್ಥನಾ ಗುಂಪಿಗೆ ಹೊಸಬರನ್ನು ತುರುಕುವುದಕ್ಕಿಂತ ಮೂರು ನಾಲ್ಕು ಹೊಸ ಮನೆಗಳನ್ನೂ ಒಂದು ಹಳೆಯ ಮನೆಯನ್ನೂ ಸೇರಿಸಿ ಹೊಸ ಗುಂಪು ಮಾಡುವುದು ಸಲೀಸು. ಹಳೆಯ ಗುಂಪಿನಲ್ಲಿ ಯಾರೂ ಬಾಗಿಲು ಹಾಕಿರುವುದಿಲ್ಲ, ಆದರೆ ಪ್ರತಿ ಜೋಕಿಗೂ ಹದಿನೈದು ವರ್ಷದ ಹಿನ್ನೆಲೆ ಇರುತ್ತದೆ.

ಜೋಕು ಎಂದಾಗ ನೆನಪಾಯಿತು, ನಿಮ್ಮ ಪ್ರಕಟಣೆಗಳನ್ನು ಒಮ್ಮೆ ಹೊರಗಿನವರ ಕಿವಿಯಿಂದ ಕೇಳಿ. “ಬುಧವಾರದ ಕೂಟ ಎಂದಿನ ಹೊತ್ತಿಗೆ, ಆದರೆ ಈ ಸಲ ಅಂಕಲ್ ಮನೆಯಲ್ಲಿ.” ಯಾವ ಹೊತ್ತು? ಯಾವ ಅಂಕಲ್? ಗೊತ್ತಿರುವವರಿಗೆ ಆ ಪ್ರಕಟಣೆಯೇ ಬೇಕಾಗಿರಲಿಲ್ಲ, ಗೊತ್ತಿಲ್ಲದವರಿಗೆ ಅದರಿಂದ ಏನೂ ತಿಳಿಯಲಿಲ್ಲ. ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟುವುದನ್ನಂತೂ ಈ ಭಾನುವಾರವೇ ನಿಲ್ಲಿಸಿ. ಕೆಲವರಿಗೆ ಖುಷಿಯಾಗಬಹುದು, ಸಂಕೋಚದವರು ಆ ಒಂದು ನಿಮಿಷಕ್ಕೆ ಹೆದರಿಯೇ ಎರಡನೇ ಸಲ ಬರುವುದಿಲ್ಲ.

ಮೂರು ನಾಲ್ಕು ವಾರವಾದ ಮೇಲೆ ಕಾಣುವುದಿಲ್ಲ ಎಂದಿರಿ. ಕಾಣುವುದಿಲ್ಲ ಎಂದು ಎಷ್ಟನೇ ವಾರ ಗೊತ್ತಾಯಿತು, ಯಾರಿಗೆ? 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಮೆಥಡಿಸ್ಟರು (ಜಾನ್ ವೆಸ್ಲಿ ಹುಟ್ಟುಹಾಕಿದ ಕ್ರೈಸ್ತ ಚಳವಳಿಯವರು) ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಒಂದು ಏರ್ಪಾಡು ಮಾಡಿಕೊಂಡರು. ತಲೆಗೆ ವಾರಕ್ಕೊಂದು ಪೆನ್ನಿ, ಹನ್ನೆರಡು ಜನಕ್ಕೆ ಒಬ್ಬ ಮುಖಂಡ, ಅವನು ಮನೆಮನೆಗೆ ಹೋಗಿ ವಸೂಲಿ ಮಾಡಬೇಕು. ವಸೂಲಿಗೆ ಹೋದವರ ಕಣ್ಣಿಗೆ ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದೂ ಬೀಳತೊಡಗಿತು. ಜಾನ್ ವೆಸ್ಲಿಗೆ ಅದರ ಬೆಲೆ ತಿಳಿಯಿತು: ಪ್ರತಿ ವಾರ ಪ್ರತಿಯೊಬ್ಬರನ್ನೂ ಕಂಡು ಬರುವ ಒಬ್ಬರು ಸಿಕ್ಕಿದ್ದರು. ಸಾಲಕ್ಕೆಂದು ಹುಟ್ಟಿದ ಈ ಹನ್ನೆರಡು ಜನರ ಗುಂಪು, ‘ಕ್ಲಾಸ್’, ಆ ಚಳವಳಿಯ ಬೆನ್ನೆಲುಬಾಯಿತು. ನೀವು ಪೆನ್ನಿ ವಸೂಲಿ ಮಾಡಬೇಕಿಲ್ಲ. ಹನ್ನೆರಡು ಜನರ ಗೈರು ಗಮನಿಸುವ ಒಬ್ಬರಿದ್ದರೆ ಸಾಕು. ಕೈಯಲ್ಲಿ ಕೆಲಸವಿದ್ದವರ ಗೈರು ತಾನಾಗಿಯೇ ಕಾಣುತ್ತದೆ ಅನ್ನಿ. ಬೆಂಚಿನ ಒಂದು ತುದಿ ನೆಲದಲ್ಲೇ ಉಳಿಯುತ್ತದೆ.

ಕೆಲಸ ಕೊಡುವುದರಲ್ಲೂ ಒಂದೆರಡು ಎಚ್ಚರ ಬೇಕು. ಗಿಟಾರ್ ಬರುವ ಹುಡುಗನನ್ನು ಮೂರನೇ ವಾರಕ್ಕೇ ವೇದಿಕೆ ಹತ್ತಿಸಬೇಡಿ. ಹೊಸ ವಿಶ್ವಾಸಿಯನ್ನು ಮುಂದಾಳಾಗಿ ಮಾಡಬೇಡ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೇ ಇದೆ, ಉಬ್ಬಿಹೋದಾನು ಎಂಬ ಕಾರಣವೂ ಅಲ್ಲೇ ಇದೆ. ಮಕ್ಕಳ ನಡುವಿನ ಸೇವೆಗೆ ಮಾತ್ರ, ಎಷ್ಟೇ ಒಳ್ಳೆಯವರೆನಿಸಲಿ, ಚೆನ್ನಾಗಿ ತಿಳಿಯುವವರೆಗೆ ಯಾರನ್ನೂ ಹಾಕಬೇಡಿ. ಇದರಲ್ಲಿ ದಾಕ್ಷಿಣ್ಯ ಸಲ್ಲದು. ಇನ್ನು ಕೆಲವರು ಬೇರೆ ಸಭೆಯಲ್ಲಿ ನೊಂದು, ದಣಿದು ಬಂದಿರುತ್ತಾರೆ. ಅವರಿಗೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುವ ಹಕ್ಕಿದೆ, ತಿಂಗಳುಗಟ್ಟಲೆ. ಅವರಿಗೆ ಬೆಂಚು ಹಿಡಿಯಲು ಹೇಳಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಯಾರು ಯಾವ ಬಗೆಯವರೆಂದು ಹೇಗೆ ತಿಳಿಯುವುದು ಎಂದರೆ, ಕೇಳಬೇಕು ಅಷ್ಟೆ. “ಏನಾದರೂ ಕೈಜೋಡಿಸಲು ಇಷ್ಟವೇ, ಅಥವಾ ಸ್ವಲ್ಪ ದಿನ ಸುಮ್ಮನಿರಬೇಕು ಅನಿಸುತ್ತಾ?” ಎಂಬ ಪ್ರಶ್ನೆಗೆ ಬಹುತೇಕ ಎಲ್ಲರೂ ನಿಜವನ್ನೇ ಹೇಳುತ್ತಾರೆ.

ಸಭೆಯಲ್ಲಿ ಉಳಿದುಕೊಂಡವರನ್ನು ಮೂರನೇ ತಿಂಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಿ: “ನಮ್ಮಲ್ಲಿ ಏನು ವಿಚಿತ್ರ ಅನಿಸಿತು?” ಆರನೇ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠದ ನಿಯಮಗಳಲ್ಲಿ, ದೂರದಿಂದ ಬಂದ ಸನ್ಯಾಸಿ ವಿನಯದಿಂದ ಏನಾದರೂ ಕೊರತೆ ತೋರಿಸಿದರೆ ಮಠಾಧಿಪತಿ ಅದನ್ನು ಯೋಚಿಸಲಿ, ಕರ್ತನು ಅವನನ್ನು ಕಳಿಸಿದ್ದೇ ಅದಕ್ಕಿರಬಹುದು ಎಂದು ಬರೆದಿಟ್ಟ. ವರ್ಷ ಕಳೆದರೆ ಅವರ ಕಣ್ಣೂ ನಮ್ಮ ಕಣ್ಣಿನ ಹಾಗೆ ಒಗ್ಗಿಹೋಗುತ್ತದೆ. ಮತ್ತೆ, ಹೇಳಿದ್ದಕ್ಕೆ “ನಮ್ಮಲ್ಲಿ ಮೊದಲಿನಿಂದ ಹೀಗೇ” ಎನ್ನಬೇಡಿ. ಆ ಉತ್ತರ ಅವರಿಗೆ ಆಗಲೇ ಗೊತ್ತು.

ಉಳಿದದ್ದು ನಿಮ್ಮ ಫೋನಿನ ಪ್ರಶ್ನೆ. ಮಾಡಿ, ಇವತ್ತೇ ಮಾಡಿ. ಎರಡು ವಾರದ ಗೈರಿಗೆ ಫೋನ್ ಮಾಡಿದರೆ ಯಾರೂ ಬೆನ್ನು ಹತ್ತಿದರು ಎನ್ನುವುದಿಲ್ಲ, ಎರಡು ತಿಂಗಳು ಬಿಟ್ಟು ಮಾಡಿದರೆ ಲೆಕ್ಕ ಕೇಳಿದಂತಿರುತ್ತದೆ. “ಯಾಕೆ ಬರ್ಲಿಲ್ಲ?” ಎಂದು ಮಾತ್ರ ಶುರುಮಾಡಬೇಡಿ. ಊರಲ್ಲಿದ್ದಾರೋ, ಮನೆಯಲ್ಲಿ ಎಲ್ಲರೂ ಆರಾಮವೋ ಕೇಳಿ. ಆಮೇಲೆ, ಅವತ್ತು ಬೇಡ ಅಂದದ್ದು ತಪ್ಪಾಯಿತು, ಪುಸ್ತಕಗಳು ಇನ್ನೂ ಹಾಗೇ ಇವೆ, ನನಗೆ ಹೊಲಿಯಲು ಬರುವುದಿಲ್ಲ ಆದರೆ ಹಾಳೆ ಹಿಡಿದುಕೊಂಡು ಕೂರಬಲ್ಲೆ, ಶನಿವಾರ ಸಂಜೆ ಬರುತ್ತೀರಾ ಎಂದು ಕೇಳಿ. ಎಷ್ಟು ಪುಸ್ತಕಗಳ ಹೊಲಿಗೆ ಬಿಟ್ಟಿದೆ ಎಂದು ನೀವು ಬರೆದಿಲ್ಲ. ಬಹಳ ಇರಲಿ ಎಂದು ಆಸೆಪಡುತ್ತೇನೆ.

— ಸಂ.