"ಬೆನ್ನೆಲುಬು ಮುರಿಯಿತು" ಅಂದ್ರೆ ಮುರಿದದ್ದೇನು?

ನಮಸ್ಕಾರ. ಪ್ರತ್ಯೇಕ ತಮಿಳು ನಾಡಿಗಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇಯನ್ನ ಶ್ರೀಲಂಕಾ ಹೇಗೆ ಮಣಿಸ್ತು ಅನ್ನೋ ನಿಮ್ಮ ಲೇಖನ ಬಂದ ರಾತ್ರಿನೇ ಓದಿದೆ. ತುಂಬಾ ಓದ್ಕೊಂಡು ಬರ್ದಿದೀರಿ, ಇಸವಿಗಳೂ ಸರಿ ಇವೆ. ಆದ್ರೆ ಮೂರನೇ ಪ್ಯಾರಾ ನನ್ನ ನಿದ್ದೆ ಕೆಡಿಸ್ತು.

"ಸರ್ಕಾರ ಉಗ್ರರಲ್ಲಿ ಪ್ರಾಣಭಯ ಹುಟ್ಟಿಸಿ ಅವರ ಬೆನ್ನೆಲುಬು ಮುರಿಯಿತು." ಪ್ರಾಣಭಯ ಯಾರಿಗೆ? ಆ ಹುಡುಗ್ರು ಹುಡ್ಗೀರು ಸಿಕ್ಕಿಬಿದ್ರೆ ಕಚ್ಚೋಕೆ ಅಂತ ಕುತ್ತಿಗೆಗೆ ದಾರದಲ್ಲಿ ಸೈನೈಡ್ ಕಟ್ಕೊಂಡೇ ಓಡಾಡ್ತಿದ್ರು, ಹಿಂದಿನ ಪ್ಯಾರಾದಲ್ಲಿ ನೀವೇ ಬರ್ದಿದೀರಲ್ಲ! 1991ರಲ್ಲಿ ನಮ್ಮ ಬೆಂಗಳೂರಿನ ಕೋಣನಕುಂಟೆ ಮನೆಯಲ್ಲಿ ರಾಜೀವ್ ಗಾಂಧಿ ಹತ್ಯೆಯ ಸಂಚುಕೋರ ಶಿವರಾಸನ್ ಕೂಡ ಜೀವಂತ ಸಿಗ್ಲಿಲ್ಲ. ಸಾಯೋಕೆ ತಯಾರಾಗಿ ಬಂದೋರನ್ನ ಸಾವು ತೋರಿಸಿ ಬಗ್ಗಿಸೋಕಾಗಲ್ಲ.

ಮುಂದಿನ ಸಾಲು, "ಎಲ್ಲ ಕಡೆಯಿಂದ ಒತ್ತಡ ಹೇರಲಾಯಿತು." ಯಾರು ಹೇರಿದ್ರು, ಎಲ್ಲಿ? 2004ರಲ್ಲಿ ಎಲ್‌ಟಿಟಿಇಯ ಪೂರ್ವದ ಕಮಾಂಡರ್ ಕರುಣಾ ಸಿಡಿದು ಹೊರಬಂದು ಪೂರ್ವದ ಹುಡುಗ್ರು ಕೈತಪ್ಪಿದ್ದು, 2006ರಲ್ಲಿ ಕೆನಡಾ, ಯುರೋಪಿಯನ್ ಯೂನಿಯನ್ ನಿಷೇಧ ಹಾಕಿದ್ಮೇಲೆ ಹೊರದೇಶದ ತಮಿಳರಿಂದ ದುಡ್ಡೆತ್ತೋದು ಕಷ್ಟ ಆಗಿದ್ದು, 2007ರಲ್ಲಿ ನೌಕಾಪಡೆ ದಡದಿಂದ ಬಹಳ ದೂರ ಹೋಗಿ ಆಯುಧ ತರೋ ಹಡಗುಗಳನ್ನ ಮುಳುಗಿಸಿದ್ದು, ಇವನ್ನ ಬರೀಬೇಕಿತ್ತು. ಪ್ರಾಣ ಕೊಡೋರು ಎಷ್ಟೇ ಜನ ಇದ್ರೂ ಶೆಲ್ಲು ಅವರ ನೆಲೆಯಾಗಿದ್ದ ಉತ್ತರದ ವನ್ನಿ ಕಾಡಲ್ಲಿ ಬೆಳೆಯಲ್ಲ, ಹಡಗಲ್ಲೇ ಬರ್ಬೇಕು.

ನಾನು ಪತ್ರಿಕೆಯ ಡೆಸ್ಕಿಗೆ ಸೇರಿದ ಹೊಸದ್ರಲ್ಲಿ ಪ್ರೆಸ್‌ನೋಟ್ ನಂಬಿ "ಗುಂಡಿನ ಚಕಮಕಿಯಲ್ಲಿ ಮೂವರು ಹತರಾದರು" ಅಂತ ಬರ್ದಿದ್ದೆ. ಚೀಫ್ ಸಬ್ ಎಡಿಟರ್ ಕಾಪಿ ಪಕ್ಕ ಕೆಂಪು ಪೆನ್ನಲ್ಲಿ "ಯಾರು? ಯಾರನ್ನ?" ಅಂತ ಗೀಚಿ ವಾಪಸ್ ಕೊಟ್ರು. ಊರಿಗೆ ಫೋನ್ ಮಾಡಿದ್ರೆ ಮೂವರಲ್ಲಿ ಒಬ್ಬಾಕೆ ಸೌದೆ ತರೋಕೆ ಹೋಗಿದ್ದೋಳು. ಆ ಕಾಪಿ ಇನ್ನೂ ನನ್ನ ಹತ್ರ ಇದೆ.

ಅದಕ್ಕೇ ನಿಮ್ಮ ಕೊನೇ ಸಾಲು, "2009ರ ಮೇನಲ್ಲಿ ಕಾರ್ಯಾಚರಣೆ ಯಶಸ್ವಿಯಾಗಿ ಪೂರ್ಣಗೊಂಡಿತು", ಓದಿ ತಡ್ಕೊಳೋಕಾಗ್ಲಿಲ್ಲ. ಕೊನೇ ಕಾಳಗ ನಡೆದ ಮುಳ್ಳಿವಾಯ್ಕಾಲ್‌ನ ಆ ಸಣ್ಣ ಮರಳುದಿಣ್ಣೆ ಮೇಲೆ ಒಂದು ಕಡೆ ಸೇನೆಯ ಶೆಲ್ಲು, ಇನ್ನೊಂದು ಕಡೆ ತಪ್ಪಿಸ್ಕೊಂಡು ಹೋಗೋರ ಮೇಲೇ ಗುಂಡು ಹಾರಿಸ್ತಿದ್ದ ಎಲ್‌ಟಿಟಿಇ, ನಡುವೆ ಮಕ್ಕಳುಮರಿ ಕಟ್ಕೊಂಡ ಜನ. ಸತ್ತ ನಾಗರಿಕರು 40,000ದವರೆಗೂ ಇರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳ್ತು. ನಿಮ್ಮ ಲೇಖನದಲ್ಲಿ ಅವರಿಗೆ ಒಂದು ಸಾಲೂ ಇಲ್ಲ.

ಮೂರನೇ ಪ್ಯಾರಾ, ಕೊನೇ ಪ್ಯಾರಾ ಎರಡನ್ನೂ ಹೊಸದಾಗಿ ಬರೆದು ಕಳ್ಸಿ. ಕಾಯ್ತೀನಿ.