ವೇಗದ ಚಿಪ್ ಇದ್ದರೂ ಧ್ವನಿ ಸಹಾಯಕ ಎಡವುವುದೇಕೆ?
ಹೊಸ ಪ್ರೊಸೆಸರಿನ ಫೋನ್ ಕೊಂಡರೂ ಧ್ವನಿ ಸಹಾಯಕವು ಮೊದಲಿನಂತೆಯೇ ಮಾತನ್ನು ತಪ್ಪಾಗಿ ಗ್ರಹಿಸುತ್ತಿದೆ, ಇದು ಚಿಪ್‌ನ ದೋಷವೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಅಲ್ಲ. 2011ರಲ್ಲಿ ಐಫೋನ್ 4ಎಸ್ ಜೊತೆ ಆಪಲ್‌ನ ಧ್ವನಿ ಸಹಾಯಕ ಸಿರಿ ಬಂದಾಗ ನಮ್ಮ ಮಾತು ಕಂಪನಿಯ ದೂರದ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ಹೋಗಿ ಉತ್ತರವಾಗಿ ಮರಳುತ್ತಿತ್ತು. 2021ರಲ್ಲಿ ಬಂದ ಐಫೋನಿನ ಕಾರ್ಯಾಚರಣಾ ತಂತ್ರಾಂಶ ಐಓಎಸ್ 15ರಿಂದ, ಆಪಲ್‌ನ ಎ12 ಬಯೋನಿಕ್ ಮತ್ತು ನಂತರದ ಚಿಪ್‌ಗಳಿರುವ ಐಫೋನ್‌ಗಳು ಕೆಲವು ಭಾಷೆಗಳ ಮಾತನ್ನು ತಾವೇ ಗುರುತಿಸತೊಡಗಿದ್ದರಿಂದ ಅಲಾರಂ ಇಡುವಂತಹ ಕೆಲಸಗಳು ನಿಜಕ್ಕೂ ಚುರುಕಾದವು. ಆದರೆ ಮಾತನ್ನು ಅಕ್ಷರಕ್ಕಿಳಿಸುವ ವೇಗವೇ ಬೇರೆ, ಅದರ ಆಶಯವನ್ನು ಅರಿಯುವ ಶಕ್ತಿಯೇ ಬೇರೆ. ಎರಡನೆಯದು ತಂತ್ರಾಂಶದ ಭಾಷಾ ಮಾದರಿಯನ್ನೂ ಅದಕ್ಕೆ ಕಲಿಸಿದ ದತ್ತಾಂಶವನ್ನೂ ಅವಲಂಬಿಸಿದೆ, ಚಿಪ್‌ನ ವೇಗ ಅಳೆಯುವ ಬೆಂಚ್‌ಮಾರ್ಕ್ ಪರೀಕ್ಷೆಗಳ ಅಂಕಗಳು ಅದನ್ನು ಅಳೆಯುವುದೇ ಇಲ್ಲ. ನೀವು ಹೇಳಿದ್ದು ಪರದೆಯ ಮೇಲೆ ಸರಿಯಾಗಿ ಮೂಡಿಯೂ ಕೆಲಸ ತಪ್ಪಾಗುತ್ತಿದ್ದರೆ, ದಯವಿಟ್ಟು ಇನ್ನೂ ದುಬಾರಿ ಫೋನಿಗೆ ಹಣ ಸುರಿಯಬೇಡಿ.