ಕ್ಲಾಸಲ್ಲಿ ಯಾರಿಗೂ ಅರ್ಥ ಆಗಿರಲ್ಲ, ಆದ್ರೂ ‘ಡೌಟ್ ಇದ್ಯಾ’ ಅಂದ್ರೆ ಒಬ್ರೂ ಕೈ ಎತ್ತಲ್ಲ ಯಾಕೆ?

ಪಕ್ಕದವ್ರು ಸುಮ್ನೆ ಕೂತಿರೋದು ನೋಡಿ ‘ಇವ್ರಿಗೆಲ್ಲ ಅರ್ಥ ಆಗಿದೆ, ನಂಗ್ ಮಾತ್ರ ತಲೆಗೆ ಹೋಗಿಲ್ಲ’ ಅಂತ ಪ್ರತಿಯೊಬ್ರೂ ಅಂದ್ಕೋತಾರೆ, ಅದಕ್ಕೆ. ಬರೀ ನಾಚಿಕೆ ಅಲ್ಲ ಅದು. ತಮಾಷೆ ಏನಂದ್ರೆ ನಾವು ಸುಮ್ನಿರೋದು ಹೆದರಿಕೆಗೆ ಅಂತ ನಮಗೆ ಚೆನ್ನಾಗಿ ಗೊತ್ತು, ಆದ್ರೆ ಬೇರೆಯವ್ರ ಮುಖ ಅಷ್ಟೇ ಕಾಣೋದು, ತಲೆ ಒಳಗಿರೋದು ಕಾಣಲ್ವಲ್ಲ, ಹಂಗಾಗಿ ಅವ್ರು ಸುಮ್ನಿದ್ರೆ ಗೊತ್ತಿದ್ದೇ ಸುಮ್ನಿದಾರೆ ಅಂತ ತಿಳ್ಕೋತೀವಿ, ಅವ್ರೂ ನಮ್ಮನ್ನ ನೋಡಿ ಹಂಗೇ ತಿಳ್ಕೋತಾರೆ.

ಇದು ಡೌಟ್ ಕೇಳೋದಕ್ಕಷ್ಟೇ ಅಲ್ಲ. 1968ರಲ್ಲಿ ಬಿಬ್ ಲಟಾನೆ, ಜಾನ್ ಡಾರ್ಲಿ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜ್ ಹುಡುಗರನ್ನ ರೂಮಲ್ಲಿ ಕೂರಿಸಿ, ಫಾರ್ಮ್ ತುಂಬೋಕೆ ಹೇಳಿ, ಗೋಡೆ ಕಿಂಡಿಯಿಂದ ಹೊಗೆ ಬಿಟ್ರು. ಒಬ್ರೇ ಇದ್ದಾಗ 75% ಜನ ಎದ್ದು ಹೋಗಿ ಹೇಳಿದ್ರು. ಮೊದ್ಲೇ ಹೇಳಿಕೊಟ್ಟಿದ್ದ ಇಬ್ರು ಪಕ್ಕದಲ್ಲಿ ಏನೂ ಆಗಿಲ್ದಂಗೆ ಬರೀತಾ ಕೂತಿದ್ದಾಗ? 10 ಜನದಲ್ಲಿ ಒಬ್ಬ! ಉಳಿದೋರು ಕೆಮ್ಕೊಂಡು, ಕಣ್ಣುಜ್ಕೊಂಡು, ಹೊಗೇನ ಕೈಯಲ್ಲಿ ಬೀಸ್ಕೊಂಡು ಫಾರ್ಮ್ ತುಂಬ್ತಾನೇ ಇದ್ರು. ಆಮೇಲೆ ಕೇಳಿದ್ರೆ ಕೆಲವ್ರು ‘ಏಸಿ ಆವಿ ಇರ್ಬೇಕು ಅಂದ್ಕೊಂಡ್ವಿ’ ಅಂದ್ರಂತೆ. ಅಂದ್ರೆ ಬೆಂಕಿ ಅಂತ ಗೊತ್ತಿದ್ದೂ ಸುಮ್ನಿದ್ದಿದ್ದಲ್ಲ, ಪಕ್ಕದವ್ರ ಮುಖ ನೋಡಿ ಅದು ಬೆಂಕಿನೇ ಅಲ್ಲ ಅಂತ ತೀರ್ಮಾನ ಮಾಡ್ಕೊಂಡಿದ್ರು, ನನಗನ್ಸೋ ಪ್ರಕಾರ ಇದೇ ಜಾಸ್ತಿ ಡೇಂಜರ್.

ನೀವು ಟೀಚರ್ ಆಗಿದ್ರೆ ‘ಡೌಟ್ ಇದ್ಯಾ’ ಅನ್ನೋ ಬದ್ಲು ಹೆಸ್ರು ಹಾಕ್ದೇ ಒಂದೊಂದು ಚೀಟಿ ಬರೆಸ್ಕೊಂಡು ಎಲ್ರ ಮುಂದೆ ಓದಿ ನೋಡಿ.